2ಎನ್ 3055 ಪವರ್ ಟ್ರಾನ್ಸಿಸ್ಟರ್: ಹೆಸರಿಗೆ 115 ವ್ಯಾಟ್, ಕೈಗೆ ಸಿಗುವುದೆಷ್ಟು?

ಪವರ್ ಸಪ್ಲೈ, ಬ್ಯಾಟರಿ ಚಾರ್ಜರ್, ಆಂಪ್ಲಿಫೈಯರ್ ಯಾವುದನ್ನಾದರೂ ಬಿಚ್ಚಿ ನೋಡಿದವರಿಗೆ 2ಎನ್ 3055 ಗೊತ್ತಿರುತ್ತದೆ. ವಜ್ರಾಕಾರದ ಲೋಹದ ತಟ್ಟೆ, ಎರಡು ತುದಿಗೆ ಎರಡು ತೂತು, ನಡುವೆ ಟೋಪಿ ಕವುಚಿಟ್ಟಂಥ ಉಬ್ಬು, ಅಡಿಯಲ್ಲಿ ಎರಡೇ ಕಾಲು. ಆರ್‌ಸಿಎ ಕಂಪನಿ ಇದನ್ನು ತಂದದ್ದು 1960ರ ದಶಕದ ಆರಂಭದಲ್ಲಿ. ಆಮೇಲೆ ಎಷ್ಟೋ ಕಂಪನಿಗಳು ಇದೇ ನಂಬರಿನಲ್ಲಿ ತಯಾರಿಸಿವೆ. ಹೊಸ ಕೆಲಸಕ್ಕೆ ಇದನ್ನು ಈಗಲೂ ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇವೆ. 40 ವೋಲ್ಟಿನೊಳಗೆ, ಒಂದೊಂದಕ್ಕೆ 3–4 ಆಂಪಿಯರ್ ಮೀರದಂತೆ, ನಿಧಾನದ ಕೆಲಸಕ್ಕೆ ಹಾಕುವುದಾದರೆ ಧಾರಾಳವಾಗಿ ತೆಗೆದುಕೊಳ್ಳಿ. ಇಷ್ಟು ಗಟ್ಟಿಯಾದ, ತಪ್ಪುಗಳನ್ನು ಇಷ್ಟು ತಡೆದುಕೊಳ್ಳುವ ಟ್ರಾನ್ಸಿಸ್ಟರ್ ಕಡಿಮೆ. ವೇಗ ಬೇಕಿದ್ದರೆ, ಅಥವಾ ಒಂದರಲ್ಲೇ 15 ಆಂಪಿಯರ್ ಹರಿಸುವ ಆಸೆಯಿದ್ದರೆ ಬೇರೆ ನಂಬರ್ ನೋಡಿ.

ಡೇಟಾಶೀಟ್, ಅಂದರೆ ತಯಾರಕರು ಕೊಡುವ ಅಂಕಿಅಂಶದ ಹಾಳೆ, ತೆರೆದ ಕೂಡಲೇ ಮೂರು ಅಂಕಿ ಕಣ್ಣಿಗೆ ಬೀಳುತ್ತವೆ: 60 ವೋಲ್ಟ್, 15 ಆಂಪಿಯರ್, 115 ವ್ಯಾಟ್. ಬಿಡಿಬಿಡಿಯಾಗಿ ಮೂರೂ ನಿಜ, ಒಟ್ಟಿಗೆ ಯಾವತ್ತೂ ನಿಜವಲ್ಲ. 60ನ್ನು 15ರಿಂದ ಗುಣಿಸಿದರೆ 900 ವ್ಯಾಟ್ ಆಗುತ್ತದೆ. ಅದು ಇಸ್ತ್ರಿಪೆಟ್ಟಿಗೆಯ ಶಾಖ, ಬೆರಳುಗುರಿನಷ್ಟೂ ಇಲ್ಲದ ಸಿಲಿಕಾನ್ ಬಿಲ್ಲೆ ತಡೆಯುವಂಥದ್ದಲ್ಲ. ಈ ಮೂರರಲ್ಲಿ ಹೆಚ್ಚು ಜನರ ದಾರಿ ತಪ್ಪಿಸುವುದು 115 ವ್ಯಾಟ್. ಅದು ಬಂದ ಲೆಕ್ಕ ಹೀಗಿದೆ: ಒಳಗಿನ ಜಂಕ್ಷನ್ (ಸಿಲಿಕಾನಿನ ಪದರಗಳು ಕೂಡುವ, ಶಾಖ ಹುಟ್ಟುವ ಜಾಗ) ತಡೆಯುವ ಗರಿಷ್ಠ ತಾಪ 200 ಡಿಗ್ರಿ ಸೆಲ್ಸಿಯಸ್. ಜಂಕ್ಷನ್ನಿನಿಂದ ಹೊರಗಿನ ಲೋಹದ ಡಬ್ಬಿಗೆ ಶಾಖ ಇಳಿಯುವ ದಾರಿಯಲ್ಲಿ ಒಂದೊಂದು ವ್ಯಾಟಿಗೂ 1.52 ಡಿಗ್ರಿ ಏರುತ್ತದೆ. ಡಬ್ಬಿಯನ್ನು 25 ಡಿಗ್ರಿಯಲ್ಲೇ ಹಿಡಿದಿಟ್ಟಿದ್ದೇವೆ ಎಂದುಕೊಂಡರೆ ಉಳಿಯುವುದು 175 ಡಿಗ್ರಿ. 175ನ್ನು 1.52ರಿಂದ ಭಾಗಿಸಿ, ಸರಿಯಾಗಿ 115 ಬರುತ್ತದೆ.

ಕೆಲಸ ಮಾಡುತ್ತಿರುವ ಪವರ್ ಟ್ರಾನ್ಸಿಸ್ಟರಿನ ಡಬ್ಬಿ 25 ಡಿಗ್ರಿಯಲ್ಲಿರುವುದು ಎಲ್ಲಿ ಸಾಧ್ಯ? ಡಬ್ಬಿ ಒಂದೊಂದು ಡಿಗ್ರಿ ಬಿಸಿಯಾದಂತೆಲ್ಲ 0.657 ವ್ಯಾಟ್ ಕಳೆಯುತ್ತ ಹೋಗಬೇಕು. ಡಬ್ಬಿ 100 ಡಿಗ್ರಿ ಮುಟ್ಟಿದಾಗ ಉಳಿಯುವುದು 66 ವ್ಯಾಟ್. ಇನ್ನೊಂದು ಕಡೆಯಿಂದ ಲೆಕ್ಕ ಹಾಕೋಣ, ಇದೇ ನಿಜಕ್ಕೂ ಬೇಕಾದ ಲೆಕ್ಕ. ಸುತ್ತಲ ಗಾಳಿ 40 ಡಿಗ್ರಿ. ಹೀಟ್‌ಸಿಂಕ್ ವ್ಯಾಟಿಗೆ 1 ಡಿಗ್ರಿಯದು, ಅಂದರೆ ಸಾಕಷ್ಟು ದೊಡ್ಡ ರೆಕ್ಕೆಗಳಿರುವ ಅಲ್ಯೂಮಿನಿಯಂ ತುಂಡು. ಡಬ್ಬಿಯಿಂದ ಹೀಟ್‌ಸಿಂಕಿಗೆ ಕರೆಂಟ್ ಹರಿಯದಂತೆ ನಡುವೆ ಇಡುವ ಮೈಕಾ ವಾಷರ್ ಮತ್ತು ಶಾಖ ದಾಟಿಸುವ ಪೇಸ್ಟಿಗೆ 0.5 ಡಿಗ್ರಿ ಹಿಡಿಯೋಣ. ಒಳಗಿನದು 1.52. ಒಟ್ಟು ಸುಮಾರು 3 ಡಿಗ್ರಿ. ಬಹುಕಾಲ ಬಾಳಬೇಕೆಂದು ಜಂಕ್ಷನ್ನನ್ನು 200ಕ್ಕೆ ಒಯ್ಯದೆ 150ರಲ್ಲೇ ನಿಲ್ಲಿಸಿದರೆ ಕೈಯಲ್ಲಿರುವುದು 110 ಡಿಗ್ರಿ. ಭಾಗಿಸಿದರೆ 36 ವ್ಯಾಟ್. ಡೇಟಾಶೀಟಿನ 115ರಲ್ಲಿ ನಿಮಗೆ ದಕ್ಕುವುದು ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಇದು ತಯಾರಕರ ಮೋಸವಲ್ಲ, ಎಲ್ಲ ಪವರ್ ಟ್ರಾನ್ಸಿಸ್ಟರುಗಳ ಅಂಕಿಯನ್ನೂ ಹೀಗೇ ಬರೆಯುತ್ತಾರೆ. ಓದುವ ಕ್ರಮ ನಮಗೆ ಗೊತ್ತಿರಬೇಕು.

ಹಾಳಾದ ಒಂದರ ಟೋಪಿಯನ್ನು ಗರಗಸದಿಂದ ಕೊಯ್ದು ತೆಗೆದರೆ ಒಳಗಿರುವುದು ಬಹಳ ಸರಳ. ತಟ್ಟೆಯ ನಡುವೆ ಬೆಸುಗೆ ಹಾಕಿ ಕೂರಿಸಿದ ಕೆಲವೇ ಮಿಲಿಮೀಟರ್ ಅಗಲದ ಚೌಕ ಸಿಲಿಕಾನ್ ಬಿಲ್ಲೆ. ಪಕ್ಕದಲ್ಲಿ ಗಾಜಿನ ಮಣಿಯೊಳಗಿಂದ ಮೇಲೆ ಬಂದ ಎರಡು ಕಾಲು. ಕಾಲುಗಳಿಂದ ಬಿಲ್ಲೆಯ ಮೇಲ್ಮೈಗೆ ದಪ್ಪ ಅಲ್ಯೂಮಿನಿಯಂ ತಂತಿ, ಹಳೆಯದಾದರೆ ಲೋಹದ ಕ್ಲಿಪ್. ಮೇಲ್ಮೈಯಲ್ಲಿ ಬೇಸ್ (ನಿಯಂತ್ರಿಸುವ ಸಣ್ಣ ಕರೆಂಟ್ ಕೊಡುವ ತುದಿ) ಮತ್ತು ಎಮಿಟರ್ (ದೊಡ್ಡ ಕರೆಂಟ್ ಹೊರಬರುವ ತುದಿ), ಬಿಲ್ಲೆಯ ಅಡಿಭಾಗವೆಲ್ಲ ಕಲೆಕ್ಟರ್ (ದೊಡ್ಡ ಕರೆಂಟ್ ಒಳಹೋಗುವ ತುದಿ). ಅದು ತಟ್ಟೆಗೇ ಬೆಸೆದುಕೊಂಡಿರುವುದರಿಂದ ಡಬ್ಬಿಯೇ ಕಲೆಕ್ಟರ್. ಕರೆಂಟ್ ಬಿಲ್ಲೆಯ ದಪ್ಪದುದ್ದಕ್ಕೂ ಮೇಲೆ ಕೆಳಗೆ ಹರಿಯುತ್ತದೆ, ಶಾಖ ಹುಟ್ಟುವುದೂ ಅಲ್ಲೇ, ಇಳಿಯುವುದೂ ಅದೇ ತಟ್ಟೆಗೆ.

ಪದರಗಳ ಜೋಡಣೆಯಲ್ಲಿ ಎರಡು ಸಂತತಿ ಇದೆ, ಹಳೆಯ ಉಪಕರಣ ರಿಪೇರಿ ಮಾಡುವವರು ಇದನ್ನು ತಿಳಿದಿರಲೇಬೇಕು. ಆರ್‌ಸಿಎ ಮೊದಲು ಮಾಡಿದ್ದು ಹೋಮೋಟ್ಯಾಕ್ಸಿಯಲ್ ವಿಧಾನದಲ್ಲಿ: ಸಮವಾಗಿ ಡೋಪ್ ಆದ (ಬೇಕೆಂದೇ ಕಲ್ಮಶ ಬೆರೆಸಿದ) ಪಿ ಬಿಲ್ಲೆಯೇ ಬೇಸ್, ಅದರ ಎರಡೂ ಮುಖದಿಂದ ಎನ್ ಕಲ್ಮಶ ಇಳಿಸಿ ಒಂದು ಕಡೆ ಎಮಿಟರ್, ಇನ್ನೊಂದು ಕಡೆ ಕಲೆಕ್ಟರ್. ವೋಲ್ಟೇಜನ್ನು ತಡೆಯುವ ಹೊಣೆ ಇಲ್ಲಿ ಬೇಸಿನ ಮೇಲೇ ಬೀಳುವುದರಿಂದ ಬೇಸ್ ದಪ್ಪವಾಗಿರಲೇಬೇಕು. ದಪ್ಪ ಬೇಸನ್ನು ದಾಟಲು ಎಲೆಕ್ಟ್ರಾನುಗಳಿಗೆ ಹೊತ್ತು ಹಿಡಿಯುತ್ತದೆ, ಹಾಗಾಗಿ ಟ್ರಾನ್ಸಿಸ್ಟರ್ ಮಂದ. ಗೇನ್ (ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರಿನಲ್ಲಿ ಹರಿಯುತ್ತದೆ ಎಂಬುದು) ಒಂದಕ್ಕಿಳಿಯುವ ಆವರ್ತನ 1 ಮೆಗಾಹರ್ಟ್ಸ್‌ಗಿಂತ ಕೆಳಗೆ. ಆದರೆ ಅದೇ ದಪ್ಪ ಬೇಸ್ ಕರೆಂಟನ್ನು ಬಿಲ್ಲೆಯ ತುಂಬ ಹರಡುತ್ತದೆ, ಅದಕ್ಕೇ ಅದು ಕಲ್ಲಿನಂತೆ ಗಟ್ಟಿ. 1970ರ ದಶಕದ ನಡುವಿನಿಂದ ತಯಾರಿಕೆ ಎಪಿಟ್ಯಾಕ್ಸಿಯಲ್ ಬೇಸ್‌ಗೆ ಹೊರಳಿತು. ಇದರಲ್ಲಿ ಬೇಸನ್ನು ತೆಳ್ಳಗೆ, ಅಳತೆಗೆ ಸರಿಯಾಗಿ ಬೆಳೆಸಬಹುದು. ಆವರ್ತನ ಕನಿಷ್ಠ 2.5 ಮೆಗಾಹರ್ಟ್ಸ್‌ಗೆ ಏರಿತು. ನಂಬರ್ ಮಾತ್ರ ಹಾಗೇ ಉಳಿಯಿತು. ಹೀಗಾಗಿ ಹಳೆಯ ಸರ್ಕ್ಯೂಟಿಗೆ ಹೊಸ 2ಎನ್ 3055 ಹಾಕಿದಾಗ, ಎಲ್ಲ ಸರಿಯಿದ್ದರೂ ಸಪ್ಲೈ ಅಥವಾ ಆಂಪ್ಲಿಫೈಯರ್ ತಾನಾಗಿ ಆಸಿಲೇಟ್ ಆಗಿ (ಔಟ್‌ಪುಟ್ ತಾನೇ ವೇಗವಾಗಿ ಏರಿಳಿದು) ಹೀಟ್‌ಸಿಂಕ್ ಸುಮ್ಮನೆ ಸುಡುವುದುಂಟು. ಆಸಿಲೋಸ್ಕೋಪಿನಲ್ಲಿ ಔಟ್‌ಪುಟ್ ನೋಡಿದರೆ ಗೊತ್ತಾಗುತ್ತದೆ. ಬೇಸಿಗೆ ಆದಷ್ಟು ಹತ್ತಿರದಲ್ಲಿ ಕೆಲವು ಓಮ್ಸ್‌ನ ರೆಸಿಸ್ಟರ್ ಹಾಕುವುದು, ವೈರುಗಳನ್ನು ಗಿಡ್ಡ ಮಾಡುವುದು ಮೊದಲ ಮದ್ದು.

ಬಿಲ್ಲೆಯ ಮೇಲ್ಮೈಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಎರಡು ಕೈಯ ಬೆರಳು ಹೆಣೆದಂತೆ ಎಮಿಟರ್ ಮತ್ತು ಬೇಸಿನ ಲೋಹದ ಪಟ್ಟಿಗಳು ಒಂದರೊಳಗೊಂದು ತೂರಿಕೊಂಡಿರುವುದು ಕಾಣುತ್ತದೆ. ಇದು ಅಂದಕ್ಕೆ ಮಾಡಿದ್ದಲ್ಲ. ಬೇಸ್ ಕರೆಂಟ್ ಎಮಿಟರಿನ ಅಡಿಯಲ್ಲಿ ಅಡ್ಡಕ್ಕೆ ಹರಿಯಬೇಕು, ಆ ದಾರಿಯಲ್ಲಿ ರೆಸಿಸ್ಟೆನ್ಸ್ ಇದೆ. ಅಂಚಿಗೆ ಸಿಕ್ಕ ವೋಲ್ಟೇಜ್ ಎಮಿಟರಿನ ನಡುವಿಗೆ ಸಿಗುವುದಿಲ್ಲ, ಆದ್ದರಿಂದ ಕರೆಂಟೆಲ್ಲ ಅಂಚಿಗೇ ಮುತ್ತುತ್ತದೆ. ಅಂಚು ಉದ್ದವಿದ್ದಷ್ಟೂ ಒಳ್ಳೆಯದು, ಅದಕ್ಕೇ ಬೆರಳುಗಳು. ಟ್ರಾನ್ಸಿಸ್ಟರನ್ನು ಆಫ್ ಮಾಡಲು ಬೇಸಿನಿಂದ ಕರೆಂಟ್ ಹೊರಗೆಳೆದಾಗ ಇದು ತಿರುಗಾಮುರುಗಾ ಆಗುತ್ತದೆ: ಅಂಚು ಮೊದಲು ಆಫ್, ಉಳಿದ ಕರೆಂಟ್ ನಡುವಿನ ಕಿರಿದಾದ ಗೆರೆಗೆ ಹಿಂಡಿಕೊಳ್ಳುತ್ತದೆ. ಕಾಯಿಲ್, ರಿಲೇ, ಮೋಟರ್‌ನಂಥ ಲೋಡನ್ನು ಆಫ್ ಮಾಡುವಾಗಲೇ ಟ್ರಾನ್ಸಿಸ್ಟರ್ ಸಾಯುವುದಕ್ಕೆ ಇದೂ ಒಂದು ಕಾರಣ. ಅಂಥ ಲೋಡಿಗೆ ಅಡ್ಡಲಾಗಿ ಡಯೋಡ್ ಹಾಕದೆ 2ಎನ್ 3055 ಬಳಸಲೇಬೇಡಿ.

2ಎನ್ 3055ನಂಥ ಬೈಪೋಲಾರ್ ಟ್ರಾನ್ಸಿಸ್ಟರಿನ ನಿಜವಾದ ಶತ್ರು ಅದರ ಸ್ವಭಾವದಲ್ಲೇ ಇದೆ. ಬಿಸಿಯಾದಂತೆ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಇದನ್ನು ಕಣ್ಣಾರೆ ನೋಡಬೇಕಾದರೆ ಮಲ್ಟಿಮೀಟರನ್ನು ಡಯೋಡ್ ಮೋಡಿಗೆ ಇಟ್ಟು, ಕೆಂಪು ತಂತಿ ಬೇಸಿಗೆ, ಕಪ್ಪು ಎಮಿಟರಿಗೆ ಹಚ್ಚಿ. 0.520ರ ಆಸುಪಾಸು ಒಂದು ಅಂಕಿ ಬರುತ್ತದೆ. ಈಗ ಡಬ್ಬಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳಿ. ಕೊನೆಯ ಅಂಕಿ ಮೊದಲು ಅಲ್ಲಾಡುತ್ತದೆ, ಆಮೇಲೆ ಒಂದೊಂದಾಗಿ ಇಳಿಯುತ್ತದೆ: 0.515, 0.510, ಕೈ ಬೆಚ್ಚಗಿದ್ದರೆ 0.500ರವರೆಗೂ. ಒಂದು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್. ಅಂದರೆ ಅದೇ ಕರೆಂಟಿಗೆ ಈಗ ಕಡಿಮೆ ವೋಲ್ಟೇಜ್ ಸಾಕು. ವೋಲ್ಟೇಜ್ ಅಷ್ಟೇ ಇಟ್ಟರೆ ಕರೆಂಟ್ ಹೆಚ್ಚುತ್ತದೆ.

ಒಂದೇ ಬಿಲ್ಲೆಯೊಳಗೂ ಇದೇ ನಡೆಯುತ್ತದೆ. ಯಾವುದೋ ಒಂದು ಮೂಲೆ ಪಕ್ಕದ್ದಕ್ಕಿಂತ ಎರಡು ಡಿಗ್ರಿ ಬಿಸಿಯಾದರೆ ಅದು ನೆರೆಹೊರೆಯ ಕರೆಂಟನ್ನು ತನ್ನತ್ತ ಸೆಳೆಯುತ್ತದೆ, ಇನ್ನಷ್ಟು ಬಿಸಿಯಾಗುತ್ತದೆ, ಇನ್ನಷ್ಟು ಸೆಳೆಯುತ್ತದೆ. ಕೊನೆಗೆ ಸೂಜಿಮೊನೆಯಷ್ಟು ಜಾಗ ಕರಗಿ ಕಲೆಕ್ಟರಿಗೂ ಎಮಿಟರಿಗೂ ನೇರ ದಾರಿಯಾಗುತ್ತದೆ. ಇದೇ ಸೆಕೆಂಡ್ ಬ್ರೇಕ್‌ಡೌನ್. ವೋಲ್ಟೇಜ್ ಹೆಚ್ಚಿದ್ದಾಗ ಇದು ಬೇಗ ಆಗುತ್ತದೆ, ಯಾಕೆಂದರೆ ಅಡ್ಡದಾರಿ ಹಿಡಿದ ಪ್ರತಿ 10 ಮಿಲಿಆಂಪಿಯರ್ 10 ವೋಲ್ಟಿನಲ್ಲಿ ಆ ಜಾಗಕ್ಕೆ 0.1 ವ್ಯಾಟ್ ಸೇರಿಸಿದರೆ, 40 ವೋಲ್ಟಿನಲ್ಲಿ 0.4 ವ್ಯಾಟ್ ಸೇರಿಸುತ್ತದೆ. ಇಲ್ಲಿ ಹೊರಗಿನ ಡಬ್ಬಿ ತಣ್ಣಗೇ ಇರಬಹುದು. ಫ್ಯಾನ್ ಹಾಕಿದ ಮಾತ್ರಕ್ಕೆ ಬಚಾವಾಗುವುದಿಲ್ಲ.

ಇಲ್ಲೇ 2ಎನ್ 3055ಕ್ಕೆ ಪೂರ್ತಿ ಅಂಕ ಕೊಡಬೇಕು. ಇದರ ಸೇಫ್ ಆಪರೇಟಿಂಗ್ ಏರಿಯಾ ಗ್ರಾಫ್ (ಯಾವ ವೋಲ್ಟೇಜಿಗೆ ಎಷ್ಟು ಕರೆಂಟ್ ಸುರಕ್ಷಿತ ಎಂಬ ಗೆರೆ) ನೋಡಿದರೆ 40 ವೋಲ್ಟಿಗೆ 2.87 ಆಂಪಿಯರ್ ಎಂದಿದೆ. ಗುಣಿಸಿದರೆ ಪೂರಾ 115 ವ್ಯಾಟ್. ಅಂದರೆ 40 ವೋಲ್ಟಿನವರೆಗೆ ಇದಕ್ಕೆ ಸೆಕೆಂಡ್ ಬ್ರೇಕ್‌ಡೌನಿನ ಮಿತಿ ಅಡ್ಡ ಬರುವುದಿಲ್ಲ. ಅಲ್ಲಿಂದಾಚೆಗೆ ಗೆರೆ ಕಡಿದಾಗಿ ಇಳಿಯುತ್ತದೆ. 60 ವೋಲ್ಟ್ ಎಂದು ಬರೆದಿದೆ ಎಂದು 55 ವೋಲ್ಟಿನಲ್ಲಿ ಆಂಪಿಯರುಗಟ್ಟಲೆ ಹರಿಸಬೇಡಿ ಎಂಬುದಕ್ಕೆ ಈ ಗೆರೆಯೇ ಸಾಕ್ಷಿ. 60 ವೋಲ್ಟಿನ ಹತ್ತಿರವೇ ದುಡಿಸಬೇಕಾದ ಕಡೆ ಎ ಅಕ್ಷರ ಸೇರಿದ 2ಎನ್ 3055ಎ ವಾಸಿ, ಅದರ ಸುರಕ್ಷಿತ ವಲಯ ಆ ಕಡೆ ಇನ್ನಷ್ಟು ಚಾಚಿಕೊಂಡಿದೆ.

0ಯಿಂದ 30 ವೋಲ್ಟ್, 2 ಆಂಪಿಯರಿನ ಬೆಂಚ್ ಸಪ್ಲೈ ಒಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಫಿಲ್ಟರ್ ಕೆಪ್ಯಾಸಿಟರಿನಲ್ಲಿ 40 ವೋಲ್ಟ್. ಔಟ್‌ಪುಟ್ ಷಾರ್ಟ್ ಆದರೆ 40 ವೋಲ್ಟೂ ಟ್ರಾನ್ಸಿಸ್ಟರಿನ ಮೇಲೆ, 2 ಆಂಪಿಯರ್ ಹರಿಯುತ್ತಲೇ ಇರುತ್ತದೆ, 80 ವ್ಯಾಟ್. ಗ್ರಾಫಿನ ಪ್ರಕಾರ ಒಂದೇ 2ಎನ್ 3055 ಸಾಕೆನಿಸುತ್ತದೆ. ಡಬ್ಬಿ 80 ಡಿಗ್ರಿಗೆ ಬಂದ ಹೊತ್ತಿಗೆ ಅದರ ಮಿತಿ 79 ವ್ಯಾಟಿಗೆ ಇಳಿದಿರುತ್ತದೆ, ಮುಗಿಯಿತು. ಮೂರನ್ನು ಪ್ಯಾರಲಲ್ ಮಾಡಿ, ವ್ಯಾಟಿಗೆ 0.5 ಡಿಗ್ರಿಯ ಒಂದೇ ದೊಡ್ಡ ಹೀಟ್‌ಸಿಂಕಿನ ಮೇಲೆ ಕೂರಿಸಿದರೆ ಹೀಟ್‌ಸಿಂಕ್ ಗಾಳಿಗಿಂತ 40 ಡಿಗ್ರಿ ಮೇಲೆ, ಒಂದೊಂದಕ್ಕೂ 27 ವ್ಯಾಟಿನಂತೆ ಮೈಕಾ ಮತ್ತು ಡಬ್ಬಿಯೊಳಗೆ ಇನ್ನೊಂದು 54 ಡಿಗ್ರಿ. ಗಾಳಿ 40 ಇದ್ದರೆ ಜಂಕ್ಷನ್ 134. ಅಂಥ ಸಪ್ಲೈ ದಿನವಿಡೀ ಷಾರ್ಟ್ ಆಗಿದ್ದರೂ ಬದುಕುತ್ತದೆ.

ಪ್ಯಾರಲಲ್ ಮಾಡುವಾಗ ಪ್ರತಿಯೊಂದರ ಎಮಿಟರಿಗೂ ಬೇರೆ ಬೇರೆ ರೆಸಿಸ್ಟರ್ ಬೇಕೇ ಬೇಕು. ಒಂದೇ ಪೊಟ್ಟಣದಿಂದ ತೆಗೆದವುಗಳಲ್ಲೂ ಬೇಸ್-ಎಮಿಟರ್ ವೋಲ್ಟೇಜ್ ಹತ್ತಾರು ಮಿಲಿವೋಲ್ಟ್ ಹೆಚ್ಚುಕಡಿಮೆ ಇರುತ್ತದೆ. ನೇರವಾಗಿ ಜೋಡಿಸಿದರೆ ಕಡಿಮೆ ವೋಲ್ಟೇಜಿನದು ಬಹುಪಾಲು ಕರೆಂಟ್ ಹೊತ್ತು, ಬಿಸಿಯಾಗಿ, ಇನ್ನಷ್ಟು ಹೊತ್ತು, ಮೊದಲು ಸಾಯುತ್ತದೆ. ಆಮೇಲೆ ಎರಡನೆಯದರ ಸರದಿ. 13.8 ವೋಲ್ಟ್ 10 ಆಂಪಿಯರಿನ ಸಪ್ಲೈಗೆ ಮೂರು ಟ್ರಾನ್ಸಿಸ್ಟರ್, ಒಂದೊಂದಕ್ಕೆ 0.1 ಓಮ್ 5 ವ್ಯಾಟಿನ ಸಿಮೆಂಟ್ ರೆಸಿಸ್ಟರ್ ಸರಿಹೋಗುತ್ತದೆ. 3.3 ಆಂಪಿಯರಿಗೆ ಅದರ ಮೇಲೆ 0.33 ವೋಲ್ಟ್ ಬೀಳುತ್ತದೆ, ಶಾಖ 1.1 ವ್ಯಾಟ್. 60 ಮಿಲಿವೋಲ್ಟಿನ ವ್ಯತ್ಯಾಸವಿದ್ದರೂ ಕರೆಂಟಿನ ಅಂತರ ಹೆಚ್ಚೆಂದರೆ 0.6 ಆಂಪಿಯರ್. ಎಮಿಟರ್ ರೆಸಿಸ್ಟರನ್ನು ಬಿಟ್ಟು ಬೇಸಿಗೊಂದೊಂದು ರೆಸಿಸ್ಟರ್ ಹಾಕಿದರೆ ಸಾಕು ಎಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಗೇನ್ ಒಂದರಿಂದೊಂದಕ್ಕೆ ಮೂರು ಪಟ್ಟು ಬದಲಾಗುವ ಟ್ರಾನ್ಸಿಸ್ಟರಿಗೆ ಅದು ನಂಬುವ ಮಾತಲ್ಲ.

ಗೇನ್ ಎಂದೊಡನೆ 2ಎನ್ 3055ನ ಬಡತನ ಕಾಣುತ್ತದೆ. 4 ಆಂಪಿಯರಿನಲ್ಲಿ 20ರಿಂದ 70ರವರೆಗೆ ಎಷ್ಟಾದರೂ ಇರಬಹುದು. 10 ಆಂಪಿಯರಿನಲ್ಲಿ ತಯಾರಕರು ಮಾತು ಕೊಡುವುದು ಬರೀ 5ಕ್ಕೆ. ಕರೆಂಟ್ ಹೆಚ್ಚಿದಂತೆ ಬೇಸಿನೊಳಗೆ ನುಗ್ಗಿದ ಎಲೆಕ್ಟ್ರಾನುಗಳು ಬೇಸಿನ ಡೋಪಿಂಗನ್ನೇ ಮೀರಿಸುತ್ತವೆ, ಎಮಿಟರಿನ ಅಂಚಿನಲ್ಲಿ ನೂಕುನುಗ್ಗಲಾಗುತ್ತದೆ, ಕಲೆಕ್ಟರಿನ ಕಡೆ ಬೇಸ್ ಹಿಗ್ಗಿದಂತೆ ವರ್ತಿಸುತ್ತದೆ. ಎಲ್ಲ ಸೇರಿ ಗೇನ್ ಕುಸಿಯುತ್ತದೆ. ಸ್ವಿಚ್ ಆಗಿ ಬಳಸಿದರೆ 4 ಆಂಪಿಯರಿಗೆ ಬೇಸಿಗೆ 400 ಮಿಲಿಆಂಪಿಯರ್ ಕೊಡಬೇಕು, ಆಗಲೂ 1.1 ವೋಲ್ಟಿನವರೆಗೆ ಉಳಿಯಬಹುದು, 4.4 ವ್ಯಾಟ್ ಶಾಖ. 10 ಆಂಪಿಯರಿಗೆ ಬೇಸಿಗೇ 3.3 ಆಂಪಿಯರ್, ಉಳಿಯುವುದು 3 ವೋಲ್ಟ್, 30 ವ್ಯಾಟ್. 15 ಆಂಪಿಯರ್ ಎಂಬುದು ತಂತಿ ಮತ್ತು ಬಿಲ್ಲೆ ಸುಡದೆ ತಡೆಯುವ ಮಿತಿಯೇ ಹೊರತು ಕೆಲಸದ ಕರೆಂಟಲ್ಲ.

ಆದ್ದರಿಂದ ಸಪ್ಲೈ ಲೆಕ್ಕ ಹಾಕುವಾಗ ಗೇನ್ 20 ಎಂದೇ ಹಿಡಿಯಿರಿ, ಕೈಯಲ್ಲಿರುವ ತುಂಡು ಮೀಟರಿನಲ್ಲಿ 60 ತೋರಿಸಿದರೂ. ಮೀಟರ್ ಅಳೆಯುವುದು ಅತಿ ಸಣ್ಣ ಕರೆಂಟಿನಲ್ಲಿ, ಆ ಅಂಕಿಗೆ ಇಲ್ಲಿ ಅರ್ಥವಿಲ್ಲ. 723 ರೆಗ್ಯುಲೇಟರ್ ಐಸಿ ಗರಿಷ್ಠ 150 ಮಿಲಿಆಂಪಿಯರ್ ಕೊಡುತ್ತದೆ, ನೇರ ಜೋಡಿಸಿದರೆ 3 ಆಂಪಿಯರಿಗೆ ಮುಗಿಯಿತು, ಅದೂ ಐಸಿಯನ್ನು ಅಂಚಿಗೊಡ್ಡಿ. 10 ಆಂಪಿಯರ್ ಬೇಕಾದರೆ ನಡುವೆ ಅರ್ಧ ಆಂಪಿಯರ್ ಕೊಡುವ ಡ್ರೈವರ್ ಬೇಕು. ಟಿಐಪಿ 41 ಸಾಕು, ಅದಕ್ಕೂ ಸಣ್ಣ ಹೀಟ್‌ಸಿಂಕ್ ಇರಲಿ. ಡ್ರೈವರ್ ಇದ್ದ ಮೇಲೆ 2ಎನ್ 3055ನ ಬೇಸ್ ಮತ್ತು ಎಮಿಟರ್ ನಡುವೆ 100 ಓಮ್ ಹಾಕುವುದನ್ನು ಮರೆಯಬೇಡಿ. ಬಿಸಿಯಾದಾಗ ಕಲೆಕ್ಟರಿನಿಂದ ಬೇಸಿಗೆ ಸೋರುವ ಕರೆಂಟಿಗೆ ಬೇರೆ ದಾರಿಯಿಲ್ಲದಿದ್ದರೆ ಅದೂ ಗೇನಿನಿಂದ ಗುಣಿಸಿಕೊಂಡು ಹೊರಬರುತ್ತದೆ, ಲೋಡಿಲ್ಲದಾಗ ಔಟ್‌ಪುಟ್ ತಾನಾಗಿ ಮೇಲೇರುತ್ತದೆ. ವೋಲ್ಟೇಜ್ ತಡೆಯುವ ಶಕ್ತಿಯೂ ಇದೇ ಕಾರಣಕ್ಕೆ ಬದಲಾಗುತ್ತದೆ: ಬೇಸ್ ತೆರೆದಿದ್ದರೆ 60 ವೋಲ್ಟ್, 100 ಓಮ್ ಇದ್ದರೆ 70, ಕಲೆಕ್ಟರ್-ಬೇಸ್ ಜಂಕ್ಷನ್ ಒಂದನ್ನೇ ನೋಡಿದರೆ 100.

ಇನ್ನು ಕೂರಿಸುವ ಕೆಲಸ. ಟಿಒ-3 ಎಂಬ ಈ ಲೋಹದ ಡಬ್ಬಿ ಕೊಡುವ ಲಾಭವನ್ನೆಲ್ಲ ಕಳೆಯುವುದು ಇಲ್ಲೇ. ಬೋಲ್ಟಿನ ಎರಡು ತೂತುಗಳ ನಡುವೆ 30.1 ಮಿಲಿಮೀಟರ್, ಕಾಲುಗಳ ನಡುವೆ 10.9. ಕಾಲುಗಳ ಗೆರೆ ಸರಿಯಾಗಿ ನಡುವಿಗಿಲ್ಲ, ಒಂದು ತೂತಿಗೆ 16.9, ಇನ್ನೊಂದಕ್ಕೆ 13.2 ಮಿಲಿಮೀಟರ್. ಮೈಕಾವನ್ನೇ ಅಚ್ಚಾಗಿಟ್ಟು ಗುರುತು ಮಾಡಿಕೊಳ್ಳುವುದು ಸುಲಭ, ಆದರೆ ಅದು ತಿರುವುಮುರುವಾಗಿಲ್ಲ ಎಂದು ನೋಡಿಕೊಳ್ಳಿ. ಕಾಲುಗಳಿಗೆ 4 ಮಿಲಿಮೀಟರಿನ ತೂತು ಕೊರೆದು, ಕಾಲಿಗೆ ಸ್ಲೀವ್ ತೊಡಿಸಿ. ತೂತು ಕೊರೆದ ಮೇಲೆ ಅಂಚಿನಲ್ಲಿ ಎದ್ದ ಚೂಪನ್ನು ದೊಡ್ಡ ಡ್ರಿಲ್ ಬಿಟ್ಟನ್ನು ಕೈಯಲ್ಲೇ ಹಿಡಿದು ಎರಡು ಸುತ್ತು ತಿರುಗಿಸಿ ತೆಗೆಯಿರಿ. ಬೆರಳಾಡಿಸಿದರೆ ಏನೂ ತಾಗಬಾರದು. ಮೈಕಾ ತೂತಾಗಿ ಡಬ್ಬಿ ಹೀಟ್‌ಸಿಂಕಿಗೆ ಷಾರ್ಟ್ ಆಗುವುದು ಹತ್ತರಲ್ಲಿ ಒಂಬತ್ತು ಸಲ ಈ ಚೂಪಿನಿಂದಲೇ.

ಪೇಸ್ಟನ್ನು ಮೈಕಾದ ಎರಡೂ ಮುಖಕ್ಕೆ, ಮೈಕಾ ಕಾಣುವಷ್ಟು ತೆಳ್ಳಗೆ ಸವರಿ. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂಬ ಭಾವನೆ ತಪ್ಪು. ಪೇಸ್ಟ್ ಇರುವುದು ಲೋಹಗಳ ನಡುವಿನ ಗಾಳಿಯನ್ನು ಓಡಿಸಲು ಮಾತ್ರ, ಲೋಹಕ್ಕಿಂತ ಅದು ಬಹಳ ಕೀಳು ವಾಹಕ. ಹಾಗೆಂದು ಒಣಮೈಕಾ ಹಾಕಿದರೆ ವ್ಯಾಟಿಗೆ 0.5ರ ಜಾಗದಲ್ಲಿ 1 ಡಿಗ್ರಿಗೂ ಮೇಲೆ ಹೋಗುತ್ತದೆ. 1.2 ಎಂದು ಹಿಡಿದರೆ ಮೇಲಿನ ಲೆಕ್ಕದ 36 ವ್ಯಾಟ್ 30ಕ್ಕೆ ಇಳಿಯಿತು. ಪ್ಲಾಸ್ಟಿಕ್ ಬುಷ್ ತೂರಿಸಿ 3 ಮಿಲಿಮೀಟರ್ ಬೋಲ್ಟ್ ಹಾಕಿ, ಎರಡನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಇನ್ನೊಂದು ಕಡೆ ತಟ್ಟೆ ಎದ್ದು ನಿಲ್ಲುತ್ತದೆ. ಒಂದು ನಟ್ಟಿನಡಿ ಸೋಲ್ಡರ್ ಲಗ್ ಇಡಿ, ಕಲೆಕ್ಟರಿನ ವೈರ್ ಅದಕ್ಕೆ. ಪವರ್ ಕೊಡುವ ಮೊದಲು ಡಬ್ಬಿಗೂ ಹೀಟ್‌ಸಿಂಕಿಗೂ ಮೀಟರ್ ಹಚ್ಚಿ ನೋಡಿ, ಮೆಗಾಓಮ್ ಮಟ್ಟದಲ್ಲೂ ಏನೂ ತೋರಿಸಬಾರದು. ಅರ್ಧ ಗಂಟೆ ಬಿಸಿ ಮಾಡಿ, ಆರಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ. ಪೇಸ್ಟ್ ಹರಡಿಕೊಂಡು ಸಡಿಲವಾಗಿರುತ್ತದೆ.

ಬಿಸಿ-ತಂಪಿನ ಆಟ ಒಳಗೂ ನಡೆಯುತ್ತದೆ. ಒಂದು ಡಿಗ್ರಿಗೆ ಸಿಲಿಕಾನ್ ಹತ್ತು ಲಕ್ಷಕ್ಕೆ 2.6 ಪಾಲು ಹಿಗ್ಗಿದರೆ ತಾಮ್ರ 17 ಪಾಲು ಹಿಗ್ಗುತ್ತದೆ, ಉಕ್ಕು ಸುಮಾರು 12. ನಡುವಿನ ಬೆಸುಗೆ ಪ್ರತಿ ಸಲವೂ ಎಳೆದಾಟಕ್ಕೆ ಸಿಕ್ಕಿ ನಿಧಾನವಾಗಿ ಬಿರುಕು ಬಿಡುತ್ತದೆ. ಬಿರುಕಿನ ಮೇಲಿರುವ ಸಿಲಿಕಾನಿಗೆ ಶಾಖ ಇಳಿಯುವ ದಾರಿ ಮುಚ್ಚುತ್ತದೆ. ದಿನಕ್ಕೊಮ್ಮೆ ಬಿಸಿಯಾಗುವ ಸಪ್ಲೈಗಿಂತ ನಿಮಿಷಕ್ಕೊಮ್ಮೆ 80 ಡಿಗ್ರಿ ಏರಿಳಿಯುವ ಉಪಕರಣದಲ್ಲಿ ಟ್ರಾನ್ಸಿಸ್ಟರ್ ಬೇಗ ಹೋಗುವುದು ಇದಕ್ಕೇ. ಮದ್ದು ಒಂದೇ, ಏರಿಳಿತ ಕಡಿಮೆ ಮಾಡುವುದು, ಅಂದರೆ ಮತ್ತೆ ದೊಡ್ಡ ಹೀಟ್‌ಸಿಂಕ್.

ಆಡಿಯೋಗೆ ಇದು ಇಂದು ಮೊದಲ ಆಯ್ಕೆಯಲ್ಲ. ಪಿಎನ್‌ಪಿ (ಕರೆಂಟ್ ಉಲ್ಟಾ ದಿಕ್ಕಿಗೆ ಹರಿಯುವ) ಜೋಡಿ ಎಂಜೆ 2955 ಜೊತೆ ಸೇರಿಸಿ 40 ವ್ಯಾಟಿನ ಆಂಪ್ಲಿಫೈಯರ್ ಚೆನ್ನಾಗಿಯೇ ಮಾಡಬಹುದು. ಆದರೆ ಮೇಲಿನ ಆವರ್ತನಗಳಲ್ಲಿ ಇದರ ಮಂದತನ ಕೇಳಿಸುತ್ತದೆ. 30 ಮೆಗಾಹರ್ಟ್ಸ್‌ನ 2ಎಸ್‌ಸಿ 5200 ಮತ್ತು 2ಎಸ್‌ಎ 1943 ಜೋಡಿ ಮುಂದೆ ಇದು ನಿಲ್ಲುವುದಿಲ್ಲ. ಸ್ವಿಚಿಂಗ್ ಸಪ್ಲೈಗಂತೂ ಬೇಡವೇ ಬೇಡ. ಸ್ಯಾಚುರೇಶನ್ನಿನಲ್ಲಿ, ಅಂದರೆ ಪೂರ್ತಿ ಆನ್ ಆಗಿದ್ದಾಗ, ತುಂಬಿಕೊಂಡ ಚಾರ್ಜ್ ಖಾಲಿಯಾಗಲು ಹಲವು ಮೈಕ್ರೋಸೆಕೆಂಡ್ ಹಿಡಿಯುತ್ತದೆ, ಅಷ್ಟು ಹೊತ್ತೂ ಅದು ಆನ್ ಆಗಿಯೇ ಇರುತ್ತದೆ. 50 ಹರ್ಟ್ಸ್ ಇನ್ವರ್ಟರಿಗೆ ತೊಂದರೆಯಿಲ್ಲ. ಹೆಚ್ಚು ವೋಲ್ಟೇಜಿನ ಲೀನಿಯರ್ ಕೆಲಸವಿದ್ದರೆ ಎಂಜೆ 15015 ನೋಡಿ, 120 ವೋಲ್ಟ್, 180 ವ್ಯಾಟ್. ಇಲ್ಲವೇ ಎಂಜೆ 15003, 140 ವೋಲ್ಟ್, 20 ಆಂಪಿಯರ್, 250 ವ್ಯಾಟ್. ಅದು 50 ವೋಲ್ಟಿನಲ್ಲಿ 5 ಆಂಪಿಯರ್ ತಡೆಯುತ್ತದೆ, ಆದರೆ 100 ವೋಲ್ಟಿನಲ್ಲಿ 1 ಆಂಪಿಯರ್ ಮಾತ್ರ. ದೊಡ್ಡದಕ್ಕೂ ಸೆಕೆಂಡ್ ಬ್ರೇಕ್‌ಡೌನ್ ಬಿಟ್ಟಿಲ್ಲ ಎಂಬುದನ್ನು ಈ ಎರಡು ಅಂಕಿಯಲ್ಲೇ ಓದಬಹುದು. ಟಿಒ-3 ಕೂರಿಸುವ ಕಷ್ಟ ಬೇಡವೆಂದರೆ ಒಂದೇ ಬೋಲ್ಟಿನ ಪ್ಲಾಸ್ಟಿಕ್ ಮೈಯ ಟಿಐಪಿ 3055 ಇದೆ, 90 ವ್ಯಾಟ್.

ಈ ನಂಬರಿನ ಅತಿ ದೊಡ್ಡ ತೊಂದರೆ ಟ್ರಾನ್ಸಿಸ್ಟರಿನದ್ದಲ್ಲ, ನಕಲಿಯದು. ಟೋಪಿಯೊಳಗೆ ಸಣ್ಣ ಬಿಲ್ಲೆ ಕೂರಿಸಿ ಮೇಲೆ 2ಎನ್ 3055 ಎಂದು ಮುದ್ರಿಸಿದವು ಬೇಕಾದಷ್ಟಿವೆ. ಮಲ್ಟಿಮೀಟರಿನಲ್ಲಿ ಅವೂ ಸರಿಯಾಗಿಯೇ ತೋರುತ್ತವೆ. ಮೊದಲು ಕಾಲು ಗುರುತಿಸಿ: ಕಪ್ಪು ತಂತಿ ಡಬ್ಬಿಗೆ, ಕೆಂಪು ಒಂದೊಂದು ಕಾಲಿಗೆ. ಡಯೋಡ್ ತೋರಿಸುವ ಕಾಲು ಬೇಸ್, ತೋರಿಸದ್ದು ಎಮಿಟರ್. ಬೇಸ್-ಎಮಿಟರ್ ಅಂಕಿ ನಂಬಿಕೆಯ ಹಳೆಯ ತುಂಡಿಗಿಂತ ಎದ್ದು ಕಾಣುವಷ್ಟು ಹೆಚ್ಚಿದ್ದರೆ, ಅದೇ ಮೀಟರ್, ಅದೇ ಕೋಣೆಯಲ್ಲಿ, ಅನುಮಾನಪಡಿ: ಬಿಲ್ಲೆ ಸಣ್ಣದಾದಷ್ಟೂ ಅದೇ ಕರೆಂಟಿಗೆ ಹೆಚ್ಚು ವೋಲ್ಟೇಜ್ ಬೇಕು. ಕೈಯಲ್ಲಿ ಹಿಡಿದಾಗ ಹಗುರವೆನಿಸುವುದು, ಅಸಿಟೋನ್ ಒದ್ದೆ ಮಾಡಿದ ಬಟ್ಟೆಗೆ ಅಕ್ಷರ ಅಳಿಸಿ ಬರುವುದು ಕೂಡ ಸೂಚನೆಗಳು, ಸಾಕ್ಷಿಯಲ್ಲ. ಸಾಕ್ಷಿ ಬೇಕಾದರೆ ಒಳ್ಳೆಯ ಹೀಟ್‌ಸಿಂಕಿಗೆ ಬಿಗಿದು, ಕರೆಂಟ್ ಮಿತಿಯಿರುವ ಸಪ್ಲೈ ಮತ್ತು ಫ್ಯೂಸ್ ಇಟ್ಟು, 20 ವೋಲ್ಟಿನಲ್ಲಿ 2 ಆಂಪಿಯರ್ ಹರಿಸಿ ಒಂದು ನಿಮಿಷ ಬಿಡಿ. 40 ವ್ಯಾಟ್. ಅಸಲಿಯ ಜಂಕ್ಷನ್ ಡಬ್ಬಿಗಿಂತ ಬರೀ 61 ಡಿಗ್ರಿ ಮೇಲಿರುತ್ತದೆ, ಅದಕ್ಕೆ ಇದು ಲೆಕ್ಕಕ್ಕೇ ಇಲ್ಲ. ನಕಲಿ ಬಹಳ ಸಲ ಡಬ್ಬಿ ಬೆಚ್ಚಗಾಗುವ ಮೊದಲೇ ಷಾರ್ಟ್ ಆಗಿರುತ್ತದೆ. ಒಂದೇ ಪೊಟ್ಟಣದ ಹತ್ತು ತೆಗೆದುಕೊಂಡರೆ ಒಂದನ್ನು ಹೀಗೆ ಬಲಿಕೊಡುವುದು ಲಾಭ.

ಸತ್ತ 2ಎನ್ 3055ನಲ್ಲಿ ಸಾಮಾನ್ಯವಾಗಿ ಕಲೆಕ್ಟರ್-ಎಮಿಟರ್ ಷಾರ್ಟ್ ಆಗಿರುತ್ತದೆ, ತೆರೆದುಕೊಂಡಿರುವುದು ಅಪರೂಪ. ಸೀರೀಸ್ ಸಪ್ಲೈಯಲ್ಲಿ ಇದರ ಅರ್ಥ ಭಯಂಕರ: 13.8 ವೋಲ್ಟಿನ ಜಾಗದಲ್ಲಿ ಕೆಪ್ಯಾಸಿಟರಿನ 20 ವೋಲ್ಟೂ ನೇರವಾಗಿ ಲೋಡಿಗೆ. ಹಾಗಾಗಿ ಇದನ್ನು ಹಾಕಿದ ಪ್ರತಿ 13.8 ವೋಲ್ಟಿನ ಸಪ್ಲೈಗೂ ಔಟ್‌ಪುಟ್ 15 ವೋಲ್ಟ್ ದಾಟಿದೊಡನೆ ಎಸ್‌ಸಿಆರ್ (ಒಮ್ಮೆ ಆನ್ ಆದರೆ ಹಾಗೇ ನಿಲ್ಲುವ ಸ್ವಿಚ್) ಆನ್ ಆಗಿ, ಕೆಪ್ಯಾಸಿಟರಿಗೂ ಟ್ರಾನ್ಸಿಸ್ಟರಿಗೂ ನಡುವಿನ ಫ್ಯೂಸ್ ಸುಡುವಂತೆ ಕ್ರೋಬಾರ್ ಎಂಬ ರಕ್ಷಣೆಯ ಸರ್ಕ್ಯೂಟ್ ಇರಲೇಬೇಕು. ಬದಲಿಸುವಾಗ ಡ್ರೈವರನ್ನು, ಪ್ರತಿ ಎಮಿಟರ್ ರೆಸಿಸ್ಟರನ್ನು, ಬೇಸ್-ಎಮಿಟರ್ ನಡುವಿನ 100 ಓಮನ್ನು ಬಿಚ್ಚಿ ಅಳೆಯಿರಿ. ಪ್ಯಾರಲಲ್ ಮಾಡಿದ ಮೂರು ಟ್ರಾನ್ಸಿಸ್ಟರುಗಳಲ್ಲಿ ಒಂದು ಹೋಗಿದ್ದರೆ ಮೂರನ್ನೂ ಒಂದೇ ಕಂಪನಿಯ, ಒಂದೇ ಬ್ಯಾಚಿನವುಗಳಿಂದ ಬದಲಿಸಿ. ಉಳಿದೆರಡು ಆ ಒಂದರ ಪಾಲಿನ ಶಾಖವನ್ನೂ ಎಷ್ಟು ಹೊತ್ತು ಹೊತ್ತಿದ್ದವೋ ಹೊರಗಿಂದ ಕಾಣುವುದಿಲ್ಲ. ಮೊದಲ ಸಲ ಪವರ್ ಕೊಡುವಾಗ ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೆ ಸೀರೀಸಾಗಿ 60 ವ್ಯಾಟಿನ ಫಿಲಮೆಂಟ್ ಬಲ್ಬ್ ಹಾಕಿ, ಲೋಡ್ ಇಲ್ಲದೆ ಆನ್ ಮಾಡಿ. ಒಮ್ಮೆ ಮಿಂಚಿ ಮಂಕಾದರೆ ಬಲ್ಬ್ ತೆಗೆಯಬಹುದು, ಬೆಳಗುತ್ತಲೇ ಇದ್ದರೆ ಎಲ್ಲೋ ಇನ್ನೊಂದು ಷಾರ್ಟ್ ಉಳಿದಿದೆ.